ಸಾಹು ಅವರಿಗೆ ‘ಬೇಡ’ ಕಲಿಸಿದ್ದು

ಇನ್ನು ಮುಂದೆ ಹೊಸದುರ್ಗದಲ್ಲಿ ಭಾಷೆಯ ವಿಷಯಕ್ಕೆ ಯಾರೇ ಬಾಯಿ ತೆರೆಯಬೇಕಾದರೂ ಮೊದಲು ನನ್ನ ಅಪ್ಪಣೆ ಪಡೆಯಬೇಕು, ಅಂಥ ಪಂಡಿತನಾಗಿಬಿಡುತ್ತೇನೆ ಎಂದು ಶಪಥ ಮಾಡಿದ್ದೆ. ಬರೀ ಬಾಯಿಮಾತಿನ ಶಪಥವಲ್ಲ. ದೂರಶಿಕ್ಷಣದಲ್ಲಿ ಅನ್ವಯಿಕ ಭಾಷಾವಿಜ್ಞಾನದ ಎಂ.ಎ.ಗೆ ಸೇರಿಯೇಬಿಟ್ಟಿದ್ದೆ. ಹಗಲೆಲ್ಲ ಬಸ್ ಸ್ಟ್ಯಾಂಡ್ ಹಿಂದಿನ ಪ್ರೆಸ್ಸಿನಲ್ಲಿ ಕುಳಿತು ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂಬ ಸಾಲಿನ ಕರಡು ತಿದ್ದುವ ನನಗೆ, ಈ ಪದವಿ ಬಂದರೆ ಭಾಷಾ ಬೋಧಕ, ಸಂಪಾದಕ ಎಂದು ಎರಡೆರಡು ಕಿರೀಟ!

ಸಂಪಾದನೆಯ ವಿಷಯದಲ್ಲಿ ಒಳ್ಳೆಯ ಅಂಕಗಳೇ ಬಂದವು. ಬಾರದೇ ಏನು? ಅಭ್ಯಾಸಕ್ಕೆಂದು ಮನೆಯವರ ಮಾತನ್ನೇ ಸಂಪಾದಿಸುತ್ತಿದ್ದೆ. ಒಂದು ಸಂಜೆ ನನ್ನ ಹೆಂಡತಿ ಸುಮಿತ್ರಾ ಗ್ಯಾಸು ಮುಗಿದದ್ದು, ನಲ್ಲಿ ಸೋರುವುದು, ನನ್ನ ತಂಗಿ ಫೋನು ಎತ್ತದಿರುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ನಾನು ಗಂಭೀರವಾಗಿ, “ಇದ್ರಲ್ಲಿ ಅರ್ಧಕ್ಕರ್ಧ ತೆಗೆದುಹಾಕಬಹುದು” ಎಂದೆ.

“ತೆಗೀರಿ. ಇವತ್ತಿನ ಊಟದಾಗೂ ಅರ್ಧ ತೆಗಿತೀನಿ” ಎಂದಳು.

ಅಂದಿನಿಂದ ಮನೆಯೊಳಗಿನ ಸಂಪಾದನೆಯನ್ನು ನಿಲ್ಲಿಸಿದೆ.

ಉಳಿದದ್ದು ಬೋಧನೆಯ ಪರೀಕ್ಷೆ. ಕನ್ನಡ ಬಾರದ ಒಬ್ಬರಿಗೆ ಪಾಠ ಮಾಡಬೇಕು, ಅದನ್ನು ವಿಶ್ವವಿದ್ಯಾಲಯದ ಪರೀಕ್ಷಕಿ ಹೇಮಾವತಿ ಮೇಡಂ ವಿಡಿಯೋ ಕಾಲ್‌ನಲ್ಲಿ ನೋಡುತ್ತಾರೆ. ಪಾಸಾದರೆ ಪದವಿ. ಪದವಿಯಿದ್ದರೆ, ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಕಂಪನಿಯವರು ತಮ್ಮ ಹೊರರಾಜ್ಯದ ನೌಕರರಿಗೆಲ್ಲ ಕನ್ನಡ ಕಲಿಸುವ ಕೆಲಸ ನನಗೇ ಕೊಡುವುದಾಗಿ ಹೇಳಿದ್ದರು. ಫೇಲಾದರೆ ಮತ್ತೆ ಮಾಮನ ಮದುವೆಯೇ ಗತಿ.

ಆ ಕಂಪನಿಯ ಸಾಹು ಎಂಬವರೇ ನನಗೆ ವಿದ್ಯಾರ್ಥಿಯಾಗಿ ಸಿಕ್ಕರು. ಒಡಿಶಾದವರು, ಮಾಡದಕೆರೆ ಕಡೆಯ ಗುಡ್ಡದ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಬಂದಾಗ ಕಡ್ಡಿಯಂತಿದ್ದರಂತೆ. ನನ್ನ ಮುಂದೆ ಕುಳಿತಾಗ ಕುರ್ಚಿ ತುಂಬಿತ್ತು. ಕಲಿಯುವವರಿಗೆ ನಿಜಕ್ಕೂ ಏನು ಬೇಕೋ ಅದನ್ನೇ ಕಲಿಸಬೇಕು ಎಂಬುದು ನಮ್ಮ ಶಾಸ್ತ್ರದ ಮೊದಲ ಮಾತು. ಆದ್ದರಿಂದ ಏನು ಬೇಕು ಎಂದು ಕೇಳಿದೆ.

“ಸಾರ್, ನನಗೆ ‘ಬೇಡ’ ಹೇಳೋದು ಬೇಕು” ಎಂದರು ಸಾಹು. “ಗುಡ್ಡಕ್ಕೆ ಹೋಗ್ತೀನಿ. ದಾರಿಯಲ್ಲಿ ಒಂದು ಮನೆ, ಊಟ ಮಾಡಿ ಅಂತಾರೆ. ಇನ್ನೊಂದು ಮನೆ, ಊಟ ಮಾಡಿ ಅಂತಾರೆ. ನಾನು ಬೇಡ ಅಂತೀನಿ, ಅವರು ಹಾಕ್ತಾರೆ. ಮೇಲೆ ಹತ್ತೋಕೆ ಕಟ್ಟೋ ಬೆಲ್ಟು ಈಗ ಕೊನೇ ತೂತಿಗೆ ಬಂದಿದೆ. ಬೆಲ್ಟು ಹಾಕೋಕೆ ಆಗಲಿಲ್ಲ ಅಂದ್ರೆ ಕಂಪನಿ ಮೇಲೆ ಹತ್ತೋಕೆ ಬಿಡಲ್ಲ.”

ಪಾಪ ಎನಿಸಿತು. ಜೊತೆಗೆ ಒಳಗೊಳಗೇ ಖುಷಿಯೂ ಆಯಿತು. ಇಷ್ಟು ಸ್ಪಷ್ಟವಾದ ಅಗತ್ಯವಿರುವ ವಿದ್ಯಾರ್ಥಿ ಯಾವ ಬೋಧಕನಿಗೆ ಸಿಗುತ್ತಾನೆ? ‘ನಯವಾದ ನಿರಾಕರಣೆ’ ಎಂದು ಪಾಠಕ್ಕೆ ಹೆಸರಿಟ್ಟೆ. ಮೊದಲ ಹಂತದಲ್ಲಿ ಹೊಗಳಿ ಬೇಡ ಎನ್ನುವುದು, ಎರಡನೆಯದರಲ್ಲಿ ಕಾರಣ ಕೊಟ್ಟು ಬೇಡ ಎನ್ನುವುದು, ಕೊನೆಯದು ಕೈಸನ್ನೆ. ಸಾಹು ಚುರುಕಾಗಿ ಕಲಿತರು. ಉಚ್ಚಾರಣೆಯಂತೂ ಆಕಾಶವಾಣಿಯವರೇ ತಿರುಗಿ ನೋಡುವಂತಿತ್ತು.

ಪರೀಕ್ಷೆಯ ಭಾನುವಾರ ನಮ್ಮ ಮನೆಯಲ್ಲೇ ಪಾಠ. ಬಡಿಸುವ ಪಾತ್ರಕ್ಕೆ ನನ್ನ ತಾಯಿ ಹುಲಿಗೆಮ್ಮನವರನ್ನು ಆರಿಸಿದ್ದೆ.

“ಅವ್ವ, ಇದು ನಾಟಕ. ನೀನು ಬಡಿಸೋ ಹಂಗೆ ಮಾಡ್ಬೇಕು. ಅವ್ರು ಬೇಡ ಅಂದ ಕೂಡ್ಲೆ ಸುಮ್ಮನಾಗ್ಬೇಕು” ಎಂದು ಹೇಳಿಕೊಟ್ಟೆ.

“ಖಾಲಿ ಪಾತ್ರೆ ಇಟ್ಕಂಡು ಬಡಿಸೋ ಹಂಗೆ ಮಾಡಾದಾ? ಮನೀಗೆ ಬಂದೋರಿಗೆ?” ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಓದೀ ಓದೀ ನಿನಗೆ ಏನೋ ಆಗೈತೆ ಕಣಲೇ.”

ಹೀಗಾಗಿ ಹನ್ನೆರಡರ ಹೊತ್ತಿಗೆ ನಿಜವಾದ ಮುದ್ದೆ, ನಿಜವಾದ ಹುರುಳಿಕಾಳಿನ ಸಾರು ಸಿದ್ಧವಾದವು. ಶೆಲ್ಫಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿ ನನ್ನ ಫೋನು ನಿಲ್ಲಿಸಿದೆ. ಹೇಮಾವತಿ ಮೇಡಂ ಅದರೊಳಗೆ ಪ್ರತ್ಯಕ್ಷರಾದರು. ನಾನು ಗಂಟಲು ಸರಿಪಡಿಸಿಕೊಂಡು ಪಾಠದ ಉದ್ದೇಶವನ್ನು ಘೋಷಿಸಿದೆ.

ಸಾಹು ಮೊದಲ ಮುದ್ದೆ ಮುಗಿಸಿದರು. ಅವ್ವ ಎರಡನೆಯದನ್ನು ಹಿಡಿದು ಬಂದರು. ಸಾಹು ಕೈ ಮುಗಿದು, “ಬೇಡ ಅಮ್ಮ. ಊಟ ತುಂಬಾ ಚೆನ್ನಾಗಿತ್ತು. ನನಗೆ ಸಾಕು” ಎಂದರು. ನಾನು ಹೆಮ್ಮೆಯಿಂದ ಶೆಲ್ಫಿನ ಕಡೆ ನೋಡಿದೆ.

“ಚೆನ್ನಾಗಿತ್ತಾ? ಮತ್ತೆ ಉಣ್ಣಪ್ಪ” ಎಂದರು ಅವ್ವ. ಮುದ್ದೆ ತಟ್ಟೆಗೆ ಬಿತ್ತು.

ತಟ್ಟೆಗೆ ಬಿದ್ದದ್ದನ್ನು ಬಿಟ್ಟೇಳುವುದು ನಮ್ಮ ಕಡೆ ಅವಮಾನ ಎಂದು ಸಾಹುಗೆ ಗುಡ್ಡದ ದಾರಿಯ ಮನೆಗಳಲ್ಲೇ ತಿಳಿದುಹೋಗಿತ್ತು. ನುಂಗಿದರು. ನಾನು ಕಣ್ಣಲ್ಲೇ ಎರಡನೆಯ ಹಂತ ಸೂಚಿಸಿದೆ.

“ಕ್ಷಮಿಸಿ ಅಮ್ಮ, ನನಗೆ ಇನ್ನು ಸೇರುವುದಿಲ್ಲ.”

“ಸಾರು ಕಮ್ಮಿ ಆಗೈತೆ, ಅದ್ಕೇ ಸೇರ್ತಿಲ್ಲ” ಎಂದು ಅವ್ವ ಎರಡು ಸೌಟು ಸಾರು ಸುರಿದರು. ಆಮೇಲೆ ಅಷ್ಟು ಸಾರು ದಂಡವಾಗಬಾರದೆಂದು ಅರ್ಧ ಮುದ್ದೆ ಮುರಿದಿಟ್ಟರು.

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ. “ಅವ್ವ, ಬೇಡ ಅಂದ್ರೆ ಬೇಡ ಅಂತ ಅರ್ಥ.”

“ಬಾಯಾಗೆ ಅಂತಾನೆ ಕಣಪ್ಪ. ನೋಡು, ಹಾಕಿದ್ದೆಲ್ಲ ಉಂಡಾನೆ. ಬ್ಯಾಡದಿದ್ರೆ ಉಣ್ತಿದ್ನಾ?”

ಈ ಪುರಾವೆಗೆ ನಮ್ಮ ಪಠ್ಯದ ಯಾವ ಅಧ್ಯಾಯದಲ್ಲೂ ಉತ್ತರವಿರಲಿಲ್ಲ. ಉಳಿದಿದ್ದ ಬ್ರಹ್ಮಾಸ್ತ್ರವೆಂದರೆ ಕೈಸನ್ನೆ. ಸಾಹು ತಟ್ಟೆಯ ಮೇಲೆ ಎರಡೂ ಅಂಗೈ ಅಗಲಿಸಿ ಹಿಡಿದರು. ಅವ್ವ ಅದೇ ಹೊತ್ತಿಗೆ ಶೆಲ್ಫಿನಲ್ಲಿ ಮಾತಾಡುವ ಹೆಂಗಸು ಯಾರೆಂದು ಅತ್ತ ತಿರುಗಿದ್ದರು. ಹಬೆಯಾಡುವ ಮುದ್ದೆ ನೇರವಾಗಿ ಸಾಹು ಅವರ ಕೈಗಳ ಮೇಲೆ ಇಳಿಯಿತು. ಸಾಹು ಒಡಿಯಾದಲ್ಲಿ ಏನೋ ಹೇಳಿದರು. ಅದು ಪಾಠದಲ್ಲಿ ಇರಲಿಲ್ಲ.

ಸುಮಿತ್ರಾ ಓಡಿಬಂದು ಅವರ ಕೈಗೆ ತಣ್ಣೀರು ಹಾಕಿದಳು. ಅವ್ವನಿಗೂ ಕರುಳು ಚುರುಕ್ಕೆಂದಿತು. ಪಾಪ, ಹುಡುಗನಿಗೆ ನಂಚಿಕೊಳ್ಳಲಿಕ್ಕೆ ಏನಾದರೂ ಕೊಡೋಣವೆಂದು ಶೆಲ್ಫಿನಿಂದ ಉಪ್ಪಿನಕಾಯಿ ಜಾಡಿ ಎತ್ತಿಕೊಂಡರು. ಫೋನು ಅಂಗಾತ ಬಿತ್ತು.

“ರಾಮಾಂಜನೇಯ ಅವರೇ, ನನಗೆ ಫ್ಯಾನ್ ಕಾಣ್ತಾ ಇದೆ” ಎಂದಿತು ಶೆಲ್ಫು.

“ಆಯಮ್ಮನ್ನೂ ಉಣ್ಣಾಕೆ ಕರಿಯಲೇ. ಆಗ್ಲಿಂದ ನೋಡ್ತಾ ಕುಂತೈತೆ” ಎಂದರು ಅವ್ವ.

ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದೆ. ಮೇಡಂ ತಾಳ್ಮೆಯವರು. “ವಿದ್ಯಾರ್ಥಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ನೀವೇ ಕೂತು ಹೇಗೆ ನಿರಾಕರಿಸಬೇಕು ಅಂತ ತೋರಿಸಿ” ಎಂದರು.

ಇದಕ್ಕಿಂತ ಸುಲಭದ ಪ್ರಶ್ನೆ ಯಾವುದಿದೆ? ಹುಟ್ಟಿದಾಗಿನಿಂದ ಕನ್ನಡ ಆಡುತ್ತಿರುವವನು, ಮೇಲಾಗಿ ಬಡಿಸುವವರು ಹೆತ್ತ ತಾಯಿ. ಠೀವಿಯಿಂದ ಕುಳಿತು, ನಯ, ವಿನಯ, ಖಡಾಖಂಡಿತ ಎಲ್ಲವನ್ನೂ ಹದವಾಗಿ ಬೆರೆಸಿ, “ಬ್ಯಾಡವ್ವ” ಎಂದೆ.

ಅವ್ವನ ಮುಖ ಬಾಡಿತು. ರಾಗಿ ಮೆತ್ತಿದ ಕೈಯಲ್ಲೇ ನನ್ನ ಹಣೆ ಮುಟ್ಟಿ ನೋಡಿದರು. “ಯಾಕಲೇ, ಮೈಯಾಗೆ ಹುಷಾರಿಲ್ವಾ? ಪರೀಕ್ಷೆ ಪರೀಕ್ಷೆ ಅಂತ ಎಂಗೆ ಸೊರಗಿ ಹೋಗೀಯ ನೋಡು.”

ಮುದ್ದೆ ಇಟ್ಟರು. ಉಂಡೆ. ಇನ್ನೊಂದು ಇಟ್ಟರು. ಅದನ್ನೂ ಉಂಡೆ. ಬಹಳ ಹೊತ್ತು ನನ್ನ ಗಂಟಲ ಸದ್ದೊಂದೇ ವಿಶ್ವವಿದ್ಯಾಲಯವನ್ನು ತಲುಪುತ್ತಿತ್ತು.

ಕೊನೆಗೆ ಮೇಡಂ ಅವ್ವನನ್ನೇ ಕೇಳಿದರು. “ಅಮ್ಮ, ನೀವು ಬಡಿಸೋದು ನಿಲ್ಲಿಸಬೇಕು ಅಂದ್ರೆ ಏನು ಹೇಳಬೇಕು?”

“ಯಾಕೆ ನಿಲ್ಲಸ್ಬೇಕು ತಾಯಿ?” ಎಂದರು ಅವ್ವ.

ಪರೀಕ್ಷೆ ಅಲ್ಲಿಗೆ ಮುಗಿಯಿತು. ಕಲಿಕೆ ನಡೆದದ್ದಕ್ಕೆ ಸಾಕ್ಷಿ ಕಾಣಲಿಲ್ಲ, ಇದೇ ವಿದ್ಯಾರ್ಥಿಯೊಂದಿಗೆ ಇನ್ನೊಂದು ಸಲ ಮಾಡಿ ತೋರಿಸಿ, ಆಗಲೂ ಆಗದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಮೇಡಂ ತೀರ್ಪಿತ್ತರು. ನಿಜ ಹೇಳುತ್ತೇನೆ, ತುಂಬಾ ಬೇಜಾರಾಯಿತು. ಆ ಸಂಜೆ ಪ್ರೆಸ್ಸಿನ ಮುಂದೆ ಹಾದುಹೋಗಲೂ ಮನಸ್ಸಾಗಲಿಲ್ಲ.

ಎರಡು ದಿನ ಬಿಟ್ಟು, ಅಳುಕುತ್ತಲೇ ಸಾಹು ಅವರಿಗೆ ಫೋನು ಮಾಡಿ, ಇನ್ನೊಂದು ಸಲ ಪಾಠಕ್ಕೆ ಬರಬೇಕೆಂದು ಕರೆದೆ. ಸುಟ್ಟ ಕೈಯವರು ಬೈದರೆ ಬೈಯಲಿ ಎಂದುಕೊಂಡಿದ್ದೆ. ಆದರೆ ಅವರ ದನಿಯಲ್ಲಿ ಜೇನು ಸುರಿಯುತ್ತಿತ್ತು.

“ಅಯ್ಯೋ, ಬರ್ದೇ ಇರ್ತೀನಾ ಸಾರ್? ನಿಮ್ಮನೆ ಅಂದ್ರೆ ನಮ್ಮನೆ ಇದ್ದಂಗೆ. ಬಂದೇ ಬರ್ತೀನಿ. ನೀವು ತೊಂದ್ರೆ ತಗಬ್ಯಾಡ್ರಿ, ನಾನೇ ಫೋನ್ ಮಾಡ್ತೀನಿ. ಅಮ್ಮನ್ನ ಕೇಳ್ದೆ ಅಂತ ಹೇಳ್ರಿ.”

ಬೆರಗಾದೆ. ಎಂಥ ಕನ್ನಡ! ಪುಸ್ತಕದ ವಾಸನೆಯೇ ಇಲ್ಲ. ಕೂಡಲೇ ಮೇಡಂಗೆ ಮುಂದಿನ ಭಾನುವಾರವೆಂದು ತಿಳಿಸಿದೆ. ಅವ್ವನಿಗೆ, ಈ ಸಲ ಒಂದೇ ಮುದ್ದೆ ಎಂದು ಆಣೆ ಹಾಕಿಸಿದೆ.

ಭಾನುವಾರ ಬಂತು. ಮೇಡಂ ಶೆಲ್ಫಿನಲ್ಲಿ ಬಂದು ಕುಳಿತರು. ಸಾಹು ಮಾತ್ರ ಬರಲಿಲ್ಲ. ಮುದ್ದೆ ಆರುತ್ತಿತ್ತು. ಸುಮಿತ್ರಾಳ ಫೋನಿನಿಂದ ಕರೆಮಾಡಿ, ಮೇಡಂಗೂ ಕೇಳಲೆಂದು ದನಿ ದೊಡ್ಡದು ಮಾಡಿದೆ.

“ಹೊರಟೇ ಬಿಟ್ಟಿದ್ದೆ ಸಾರ್” ಎಂದರು ಸಾಹು. “ಮಾಡದಕೆರೆ ಗುಡ್ಡದಾಗೆ ಒಂದು ಫ್ಯಾನು ನಿಂತೋಗೈತೆ. ಅದೊಂದು ತಿರುಗ್ಲಿ, ಬಂದೆ ಅನ್ಕಳ್ರಿ. ನೀವು ಊಟ ಮಾಡ್ರಿ, ನನಗೋಸ್ಕರ ಕಾಯಬ್ಯಾಡ್ರಿ. ನಿಮ್ಮನೇಗೆ ಬರ್ದೇ ಇನ್ನೆಲ್ಲಿಗೆ ಹೋಗ್ಲಿ?”

ಫೋನಿಟ್ಟು, ಸಮಾಧಾನದಿಂದ ಮೇಡಂ ಕಡೆ ತಿರುಗಿದೆ. “ಇನ್ನೇನು ಬರ್ತಾರೆ ಮೇಡಂ. ಒಂದರ್ಧ ಗಂಟೆ.”

“ರೀ” ಎಂದಳು ಸುಮಿತ್ರಾ, ಬಾಗಿಲಿಗೆ ಒರಗಿ. “ಅವ್ರು ಬರಲ್ಲ.”

“ಬರ್ತೀನಿ ಅಂದ್ರಲ್ಲೇ. ನೀನೇ ಕೇಳಿಸ್ಕಂಡೆ.”

“ಅದನ್ನೇ ಹೇಳ್ತಿರಾದು. ಮೊನ್ನೆ ‘ಬಂದೇ ಬರ್ತೀನಿ’ ಅಂದ್ರು ಅಂತ ನೀವು ಹೇಳ್ದಾಗ್ಲೇ ನನಗೆ ಗೊತ್ತಾತು. ಬರೋರು ಯಾರಾದ್ರೂ ಅಷ್ಟೊಂದು ಹೇಳ್ತಾರಾ? ಎಷ್ಟೊತ್ತಿಗೆ ಅಂತ ಕೇಳ್ತಾರೆ, ಬರ್ತಾರೆ.”

ಶೆಲ್ಫಿನಿಂದ, ಇಷ್ಟು ದಿನ ಒಮ್ಮೆಯೂ ಕೇಳಿರದ ನಗು ಕೇಳಿಬಂತು.

“ನಿಮ್ಮ ಮನೆಯವರು ಹೇಳಿದ್ದು ಸರಿ ರಾಮಾಂಜನೇಯ” ಎಂದರು ಹೇಮಾವತಿ ಮೇಡಂ. “ಇಷ್ಟು ನಯವಾದ ನಿರಾಕರಣೆ ನಾನು ಈ ನಡುವೆ ಕೇಳಿಯೇ ಇರಲಿಲ್ಲ. ಪಾಠ ಚೆನ್ನಾಗಿಯೇ ಹತ್ತಿದೆ, ನಿಮ್ಮ ವಿದ್ಯಾರ್ಥಿ ಪಾಸು. ನೀವು ಇನ್ನೊಂದು ವರ್ಷ ಓದಿ.”