ಒಂದು ತಾಸಿನ ಬಿಸಿ ರೊಟ್ಟಿ

"ಹುಬ್ಬಳ್ಳಿಯಿಂದ ಪುಣೆಕ್ಕ ವಿಮಾನದಾಗ ಬರೇ ಒಂದು ತಾಸು! ಬಿಸಿ ರೊಟ್ಟಿ ಬಿಸೀನ ಅಕ್ಕನ ತಾಟಿಗೆ ಬೀಳ್ತಾವ, ನೋಡ್ತಿರು" ಎಂದು ಧಾರವಾಡದ ಹತ್ತಿ ವ್ಯಾಪಾರಿ ಅಮರೇಶ ಬೆಳಗಿನ ಚಹಾ ಹೀರುತ್ತ ಘೋಷಿಸಿದ. ಮೊಬೈಲಿನಲ್ಲಿ ವಿಮಾನದ ಹೊತ್ತು ನೋಡಿದಾಗಿನಿಂದ ಅವನ ಕಾಲು ನೆಲಕ್ಕೆ ಹತ್ತಿರಲಿಲ್ಲ.

ಪುಣೆಯಲ್ಲಿ ಅಕ್ಕ ಶಿವಬಸವ್ವ ಬಲಗೈ ಮುರಿದುಕೊಂಡು ಕೂತಿದ್ದಳು. ಮಗಳು ಸೌಮ್ಯಾಗೆ ಚಪಾತಿ ಬರುತ್ತದೆ, ರೊಟ್ಟಿ ಬಡಿಯಲು ಬರುವುದಿಲ್ಲ. "ಬಿಸಿ ರೊಟ್ಟಿ ತಿಂದು ತಿಂಗಳಾತೋ ತಮ್ಮಾ" ಎಂದು ಅಕ್ಕ ಫೋನಿನಲ್ಲಿ ಅಂದಿದ್ದೇ ಸಾಕಾಯಿತು. ಚಿಕ್ಕಂದಿನಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ತಾನು ತಿನ್ನದೆ ತಮ್ಮನ ತಾಟಿಗೆ ಹಾಕುತ್ತಿದ್ದವಳು ಅವಳು. ಈಗ ತನ್ನ ಸರದಿ ಬಂತೆಂದು ಅಮರೇಶನ ಎದೆ ಉಬ್ಬಿತ್ತು.

ಹೆಂಡತಿ ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಲೇ, "ಹಿಟ್ಟು ಒಯ್ರಿ. ಅಲ್ಲೇ ಬಡಿಯಾಕ ಬರ್ತೈತಿ" ಅಂದಳು.

"ವಿಮಾನದಾಗ ಹಿಟ್ಟಿನ ಗಂಟು ಒಯ್ದರ ಮಂದಿ ನಗ್ತಾರ. ಹುಬ್ಬಳ್ಳಿ ಬಸ್ಸಿಗೂ ಇಲ್ಲಿಂದ ತಾಸ ಹಿಡೀತೈತಿ. ಅಷ್ಟರಾಗ ರೊಟ್ಟಿ ಆರ್ತಾವೇನು?"

"ಬಸ್ಸಿಗೆ ಯಾರೂ ಎರಡು ತಾಸು ಮೊದಲ ಹೋಗಿ ಕುಂದ್ರೂದಿಲ್ಲರಿ."

ಅಮರೇಶ ಕೇಳಿಸಿಕೊಳ್ಳಲಿಲ್ಲ. ರೊಟ್ಟಿಯನ್ನು ಧೋತರದಲ್ಲಿ ಸುತ್ತಿ, ಮೇಲೊಂದು ಕೌದಿ ಹೊದಿಸಿ, ಕೂಸಿನಂತೆ ಎತ್ತಿಕೊಂಡು ಹೊರಟ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಕೌದಿ ಬಿಚ್ಚಿಸಿದರು. ಇದ್ದಬದ್ದ ಉಗಿಯೆಲ್ಲ ಹಾರಿಹೋಯಿತು. ಆಮೇಲೆ ಅವನ ಕೈಚೀಲದ ತಳದಿಂದ ಬಿಳಿ ಪುಡಿಯ ಗಂಟೊಂದು ಹೊರಬಂತು.

"ಇದೇನ್ರಿ?"

"ನನಗೂ ಗೊತ್ತಿಲ್ರಿ" ಎಂದ ಅಮರೇಶ. ಅಂಥ ಜಾಗದಲ್ಲಿ ಆಡಬಾರದ ಮಾತು ಅದೇ!

ನಾಲ್ಕು ಜನ ಸುತ್ತುವರಿದರು. ಪುಡಿಯನ್ನು ಮೂಸಿದರು. ಕೊನೆಗೆ ಹೆಂಡತಿಗೆ ಫೋನು ಹೋಯಿತು.

"ಜ್ವಾಳದ ಹಿಟ್ಟರಿ ಸಾಹೇಬ್ರ, ಅವರಿಗೆ ಹೇಳದ ನಾನ ಇಟ್ಟೇನಿ" ಎಂದಳು ದಾಕ್ಷಾಯಿಣಿ. "ನಮ್ಮವರು ಹಟಮಾರಿ ಅದಾರ, ಕಳ್ಳರಲ್ಲ."

ಬಿಟ್ಟರು. ಪುಣೆಯಲ್ಲಿ ಮೋಡವೆಂದು ವಿಮಾನ ತಡವಾಯಿತು. ಹಾರಿದ್ದು ಮಾತ್ರ ಖರೇ ಒಂದೇ ತಾಸು. ಇಳಿದ ಮೇಲೆ ಪುಣೆಯ ರಸ್ತೆ ಅದಕ್ಕಿಂತ ಹೆಚ್ಚು ಹೊತ್ತು ತಿಂದಿತು. ಕೌದಿಯೊಳಗಿನ ರೊಟ್ಟಿ ಬಿಸಿಯಾಗಿಯೂ ಉಳಿಯಲಿಲ್ಲ, ಖಡಕ್ಕೂ ಆಗಲಿಲ್ಲ, ಬೆವತು ತೊಗಲಿನಂತಾಗಿತ್ತು.

ಅಕ್ಕ ಎಡಗೈಯಲ್ಲಿ ಜಗ್ಗಿದಳು, ಹರಿಯಲಿಲ್ಲ. "ಛಲೋ ಅದಾವ ಬಿಡೋ" ಅಂದಳು. ಆ ಸುಳ್ಳಿಗೆ ಅಮರೇಶನ ಕಣ್ಣು ತುಂಬಿ ಬಂದವು. ಅಂಗಿಯ ತೋಳು ಮಡಚಿ ಹಿಟ್ಟಿನ ಗಂಟು ಬಿಚ್ಚಿದ.

"ಸುಡು ನೀರು ಹಾಕು. ನಾದು. ಇನ್ನಷ್ಟು ನಾದು" ಎಂದು ಕುರ್ಚಿಯಿಂದಲೇ ಅಕ್ಕನ ಅಪ್ಪಣೆ. ಒಂದು ಹರಿಯಿತು, ಇನ್ನೊಂದು ಹಂಚಿಗೆ ಅಂಟಿತು. ಸಂಜೆಯ ಹೊತ್ತಿಗೆ ಯಾವುದೋ ತಾಲೂಕಿನ ನಕಾಶೆಯಂಥ ರೊಟ್ಟಿಯೊಂದು ಹೇಗೋ ಉಬ್ಬಿತು. ಅಕ್ಕ ಅದರ ಚೂರು ಮುರಿದು, ಊದಿ, ತಮ್ಮನ ಬಾಯಿಗೇ ಇಟ್ಟಳು.

"ನಿನಗಂತ ಮಾಡೇನಿ ಅಕ್ಕಾ!"

"ಮೊದಲಿನ ರೊಟ್ಟಿ ಯಾವಾಗಲೂ ನಿಂದ ಅಲ್ಲೇನೋ?"

ಅಷ್ಟರಲ್ಲಿ ಫೋನು ಬಂತು. "ಬಿಸಿ ರೊಟ್ಟಿ ಒಂದ ತಾಸಿಗೆ ಮುಟ್ಟಿದ್ವೇನ್ರಿ?" ಎಂದಳು ದಾಕ್ಷಾಯಿಣಿ.

"ಈಗ ಮುಟ್ಟಿತು. ನಾನ ಬಡದೆ" ಎಂದು ಅಮರೇಶ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ.

ಆ ಕಡೆಯಿಂದ ಹಂಚು ಇಳಿಸಿದ ಸದ್ದು ಕೇಳಿತು.

"ಹಂಗಾರ ಲಗೂ ಬರ್ರಿ. ನಮ್ಮ ಒಲಿಯಿಂದ ನನ್ನ ತಾಟಿಗೆ ಎರಡ ಹೆಜ್ಜಿ. ಲಗ್ನಾದಾಗಿಂದ ಅಲ್ಲಿಗೂ ಒಂದು ಬಿಸಿ ರೊಟ್ಟಿ ಮುಟ್ಟಿಲ್ಲರಿ."