ಗುಮಾಸ್ತರ ಮಂಡಿಗೊಂದು ಪುರಾವೆ

ನೆಲಮಹಡಿಯಲ್ಲಿ ಒಂದು ಕುರ್ಚಿ ಖಾಲಿಯಾಯಿತು ನೋಡಿ, ಅಲ್ಲಿಂದ ಶುರುವಾಯಿತು ಗುಮಾಸ್ತರ ಗ್ರಹಚಾರ. ಲಿಫ್ಟಿಲ್ಲದ ಆ ನೀರು ಸರಬರಾಜು ಕಚೇರಿಯ ಮೂರನೇ ಮಹಡಿಯಲ್ಲಿ, ಹಳೇ ಕಡತಗಳ ನಡುವೆ ಅವರ ಜಾಗ. ಮೆಟ್ಟಿಲು ಕಂಡರೇ ಬಲಮಂಡಿ ಹಿಡಿದುಕೊಳ್ಳುತ್ತಿತ್ತು. ಆ ಕುರ್ಚಿಯೊಂದು ಸಿಕ್ಕರೆ ಜನ್ಮ ಸಾರ್ಥಕ ಎಂದುಕೊಂಡು ಮ್ಯಾನೇಜರರ ಮುಂದೆ ಹೋಗಿ ನಿಂತರು.

"ಕುರ್ಚಿ ಖಾಲಿಯಾದ್ರೆ ಎಲ್ಲರಿಗೂ ಮಂಡಿನೋವು ಬರುತ್ತೆ ಕಣ್ರೀ," ಎಂದರು ಮ್ಯಾನೇಜರು. "ಪಕ್ಕದ ಇಂಜಿನಿಯರಿಂಗ್ ಕಾಲೇಜಲ್ಲಿ ನಡಿಗೆ ಅಳೆಯೋ ಯಂತ್ರ ಇದೆಯಂತೆ. ಹೋಗಿ ನಡೆದು ಬನ್ನಿ. ನೋವಿದೆ ಅಂತ ಯಂತ್ರ ಹೇಳಿದ್ರೆ ಕುರ್ಚಿ ನಿಮ್ದು."

ಪರೀಕ್ಷೆ ಅಂದಮೇಲೆ ಸಲಹೆ ಕೊಡುವವರಿಗೆ ಬರವೇ? ಅದೇ ಮೂರನೇ ಮಹಡಿಯ ಟೈಪಿಸ್ಟಮ್ಮ ಮತ್ತು ಕ್ಯಾಷಿಯರ್ ಅರ್ಧ ದಿನ ರಜೆ ಹಾಕಿ ಬೆನ್ನಿಗೆ ಬಿದ್ದರು.

"ಜೋರಾಗಿ ಕುಂಟಿ ಅಣ್ಣಾ. ಹೀಗೆ ಮರ್ಯಾದಸ್ಥರ ಥರ ಕುಂಟಿದ್ರೆ ಯಾರು ನಂಬ್ತಾರೆ?" ಎಂದರು ಟೈಪಿಸ್ಟಮ್ಮ.

"ನಂಗೆ ನಿಜವಾಗ್ಲೂ ನೋವಿದೆ ಕಣಮ್ಮಾ!"

"ಹಾಂ, ಇದೇ ಧಾಟಿ! ಅಲ್ಲೂ ಹೀಗೇ ಹೇಳಿ," ಎಂದು ಕ್ಯಾಷಿಯರ್ ಬೆನ್ನು ತಟ್ಟಿದರು.

ಪ್ರಯೋಗಾಲಯ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಕ್ಯಾಮೆರಾ, ನೆಲದಲ್ಲಿ ಹೆಜ್ಜೆಯ ಭಾರ ಅಳೆಯುವ ಹಲಗೆ. ಅಲ್ಲಿದ್ದ ಇಂಜಿನಿಯರ್ ಹುಡುಗಿ ಗುಮಾಸ್ತರಿಗೆ ಚಡ್ಡಿ ಹಾಕಿಸಿ, ಸೊಂಟದಿಂದ ಪಾದದವರೆಗೆ ಮಿರಿಮಿರಿ ಮಿಂಚುವ ಗುಂಡುಗಳನ್ನು ಅಂಟಿಸಿದಳು. ಟೈಪಿಸ್ಟಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಗುಮಾಸ್ತರಿಗೆ.

"ಸಹಜವಾಗಿ ನಡೀರಿ ಸಾರ್."

ಸಹಜವಾಗಿ ಅಂತೆ! ಹುಟ್ಟಿದಾಗಿನಿಂದ ಯೋಚಿಸದೆ ನಡೆದವರಿಗೆ ಈಗ ಯಾವ ಕಾಲು ಮೊದಲು ಎಂಬುದೇ ಮರೆತುಹೋಯಿತು. ಬಲಗಾಲಿನ ಜೊತೆ ಬಲಗೈಯೂ ಹೊರಟಿತು. ಮಂಡಿಯ ಗುಂಡು ಕಳಚಿ ಉರುಳಿತು. ಎತ್ತಿಕೊಡಲು ಕ್ಯಾಷಿಯರ್ ಬಗ್ಗಿದ್ದೇ ತಡ, ಹುಡುಗಿ ಕೂಗಿದಳು: "ಸಾರ್, ತಲೆ ತೆಗೀರಿ! ಬೋಳುತಲೆ ಹೊಳೀತಿದೆ. ಯಂತ್ರ ಅದನ್ನೂ ಒಂದು ಮಂಡಿ ಅಂದ್ಕೊಂಡಿದೆ!"

ಕೊನೆಗೆ ನಾಚಿಕೆ ಬಿಟ್ಟು, ನೋವು ನಡೆಸಿದಂತೆ ಗುಮಾಸ್ತರು ಬಲಗಾಲು ಎಳೆದುಕೊಂಡು ನಡೆದರು. ಯಂತ್ರದ ಪರದೆ ಹಸಿರಾಯಿತು. ಹುಡುಗಿ ಚಪ್ಪಾಳೆ ತಟ್ಟಿದಳು. "ಅದ್ಭುತ! ನಿಮ್ಮ ಮಂಡಿ ಕಲ್ಲುಗುಂಡಿನ ಹಾಗಿದೆ!"

"ಮತ್ತೆ ಈ ನೋವು?"

"ಯಂತ್ರಕ್ಕೆ ಕಾಣ್ತಿಲ್ಲ ಸಾರ್. ಅದು ನಿಮ್ಮ ನಡಿಗೇನ ಮಾದರಿ ನಡಿಗೆ ಜೊತೆ ಹೋಲಿಸಿ ನೋಡುತ್ತೆ. ಎರಡೂ ಅಚ್ಚೊತ್ತಿದ ಹಾಗಿವೆ."

ಗುಮಾಸ್ತರಿಗೆ ಪಿತ್ತ ನೆತ್ತಿಗೇರಿತು. "ಕೆಟ್ಟಿದೆ ನಿಮ್ಮ ಯಂತ್ರ! ಬೇಕಾದ್ರೆ ಇವರಿಬ್ರನ್ನೂ ನಡೆಸಿ ನೋಡಿ!"

ಟೈಪಿಸ್ಟಮ್ಮ ಗುಂಡು ಅಂಟಿಸಿಕೊಂಡು ಸರಸರನೆ ನಡೆದರು. ಪರದೆ ಕೆಂಪಾಯಿತು. ಕ್ಯಾಷಿಯರ್ ಟೋಪಿ ಹಾಕಿಕೊಂಡು ಠೀವಿಯಿಂದ ನಡೆದರು. ಮತ್ತಷ್ಟು ಕೆಂಪಾಯಿತು. "ನಿಮ್ಮಿಬ್ಬರ ಮಂಡಿಗೂ ಅಪಾಯ ಇದೆ. ಮೆಟ್ಟಿಲು ಹತ್ತಲೇಬೇಡಿ," ಎಂದಳು ಹುಡುಗಿ.

ಟೈಪಿಸ್ಟಮ್ಮ ತಟ್ಟನೆ ಸ್ಟೂಲಿನ ಮೇಲೆ ಕುಸಿದರು. "ಅದಕ್ಕೇ ಇರಬೇಕು ನಂಗೆ ಆವಾಗಾವಾಗ ಒಂಥರಾ ಆಗ್ತಿತ್ತು!"

ಗುಮಾಸ್ತರು ಪರದೆಯತ್ತ ಬೆರಳು ತೋರಿಸಿದರು. "ಯಾರದಮ್ಮಾ ಆ ಮಾದರಿ ನಡಿಗೆ?"

"ನಮ್ಮ ಪ್ರೊಫೆಸರದ್ದು. ಯಂತ್ರ ಕಟ್ಟಿದವರೂ ಅವರೇ, ಮೊದಲು ನಡೆದವರೂ ಅವರೇ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಪ್ರೊಫೆಸರ್ ಗೋಡೆ ಹಿಡಿದುಕೊಂಡು, ಥೇಟ್ ಗುಮಾಸ್ತರಂತೆಯೇ ಬಲಗಾಲು ಎಳೆಯುತ್ತ ಒಳಗೆ ಬಂದರು.

"ಸಾರ್, ನಿಮ್ಮ ಮಂಡಿ..." ಎಂದು ಗುಮಾಸ್ತರು ಬಾಯಿ ತೆರೆದರು.

"ನನ್ನ ಮಂಡಿಗೇನ್ರೀ ಆಗಿದೆ?" ಪ್ರೊಫೆಸರ್ ಕೆಂಡವಾದರು. "ಯಂತ್ರಾನೇ ಸರಿ ಇದೆ ಅನ್ನುತ್ತೆ!"

ಸಂಜೆ ಮೂವರ ಫಲಿತಾಂಶವನ್ನೂ ನೋಡಿ ಮ್ಯಾನೇಜರು ಮರುಗಿದರು. ಖಾಲಿ ಕುರ್ಚಿ ಟೈಪಿಸ್ಟಮ್ಮನಿಗಾಯಿತು. ಅದರ ಪಕ್ಕದಲ್ಲೇ ಕ್ಯಾಷಿಯರಿಗೂ ಒಂದು ಮೇಜು ಹಾಕಿಸಿದರು. ಆಮೇಲೆ ಗುಮಾಸ್ತರ ಕಡೆ ತಿರುಗಿದರು. "ಇಡೀ ಆಫೀಸಲ್ಲಿ ಮಂಡಿ ನೆಟ್ಟಗಿರೋದು ನಿಮ್ದೊಂದೇ. ಪಾಪ, ಇವರಿಬ್ಬರ ಕಡತಗಳನ್ನ ಮೇಲಕ್ಕೂ ಕೆಳಕ್ಕೂ ನೀವೇ ಸಾಗಿಸಿಬಿಡಿ."

ಟೈಪಿಸ್ಟಮ್ಮ ಕುರ್ಚಿ ಬಿಟ್ಟೇಳದೆ ಗುಮಾಸ್ತರ ಕೈತುಂಬ ಕಡತ ಪೇರಿಸಿದರು. "ನಿಧಾನ ಅಣ್ಣಾ," ಎಂದರು ಕಕ್ಕುಲಾತಿಯಿಂದ, "ನಮ್ಮ ಹಾಗೆ ಮಂಡಿ ಹಾಳು ಮಾಡ್ಕೋಬೇಡಿ."