ಟಿಫನ್ನು ಊಟ ಅಲ್ಲ ರೀ

ಹೊಟ್ಟೆ ವಿಷ್ಯ ಬಂದ್ರೆ ನಮ್ ಕಡೆ ಜನ ದಿನಕ್ಕೊಂದು ಎಡವಟ್ಟು ಮಾಡ್ಕೋತಾನೇ ಇರ್ತಾರೆ. ಅದನ್ನ ಹತ್ರದಿಂದ ನೋಡೋ ಭಾಗ್ಯ ನನ್ನದಾಗಿತ್ತು. ರಾಜ್ಯ ಒಂದಾಗಿ ಎರಡು ವರ್ಷ ಆಗಿತ್ತು. ನಾನು ಶಿವಮೊಗ್ಗದ ಕಾಲೇಜಿಗೆ ಕೈ ಮುಗಿದು ಬಂದು, ಶಿಕಾರಿಪುರದ ಬಸ್ ಸ್ಟ್ಯಾಂಡ್ ಎದುರಿನ ಹೋಟ್ಲು ಸೇರ್ಕೊಂಡಿದ್ದೆ. ಹೆಸರಿಗೆ ಮ್ಯಾನೇಜರು, ಮಾಡೋದು ಸಪ್ಲೈಯರ್ ಕೆಲಸ. ಸೊರಬದ ಕಡೆಯ ನಮ್ಮೂರಿಂದ ಅಪ್ಪ ಹೇಳಿ ಕಳಿಸಿದ್ದ: "ಮೂರು ತಿಂಗ್ಳು ನೋಡ್ತೀನಿ. ಆಮೇಲೆ ಬಂದು ಕಿವಿ ಹಿಡಿದು ಎಳ್ಕೊಂಡು ಬರ್ತೀನಿ, ಎಮ್ಮೆ ಕಾಯೋಕೆ." ನಾನೂ ಹಟ ತೊಟ್ಟೆ. ತಟ್ಟೆ ಎತ್ತಿದ್ರೂ ಸೈ, ಎಮ್ಮೆ ಹಿಂದೆ ಮಾತ್ರ ಹೋಗಲ್ಲ!

ಬೋರ್ಡು

'ಕಾಫಿ ಕ್ಲಬ್' ಅನ್ನೋ ಹಳೇ ಬೋರ್ಡು ತೆಗೆದು 'ಟಿಫನ್ ರೂಮ್' ಅಂತ ಬರೆಸೋ ಆಸೆ ಹೋಟ್ಲು ಸಾವ್ಕಾರ್ರಿಗೆ. ಬಣ್ಣದವನು ಏಣಿ ಹತ್ತಿ ಅರ್ಧ ಬರೆದ ಮೇಲೆ ನನ್ನ ಕರೆದ್ರು. "ಕಾಲೇಜು ಮೆಟ್ಲು ಹತ್ತಿದೋನಲ್ವಾ, ಟಿಫನ್ ಅಂದ್ರೆ ಏನು ಹೇಳು."

ನಾನು ಹತ್ತಿದ್ದು ಮೆಟ್ಲೇ, ಒಳಗೆ ಹೋಗಿದ್ದು ಕಮ್ಮಿ. ಮೂಲೇಲಿ ಕಾಫಿ ಕುಡೀತಿದ್ದ ರಿಟೈರಾದ ಇಂಗ್ಲಿಷ್ ಮೇಷ್ಟ್ರು ಬಾಯಿ ಹಾಕಿದ್ರು. "ಅದು ಇಲ್ಲಿದ್ದ ಬಿಳಿ ದೊರೆಗಳು ಬಳಕೆಗೆ ತಂದ ಪದ ಕಣಯ್ಯಾ. ಟಿಫಿಂಗ್ ಅಂದ್ರೆ ಅವ್ರ ಪೋಲಿ ಮಾತಲ್ಲಿ ಹೊತ್ತಲ್ಲದ ಹೊತ್ತಲ್ಲಿ ಗುಟುಕು ಏರಿಸೋದು. ನಂಚ್ಕೊಳ್ಳೋಕೆ ಏನೋ ತಿಂತಿದ್ರು. ಬರ್ತಾ ಬರ್ತಾ ಗುಟುಕು ಹೋಯ್ತು, ತಿಂಡಿ ಉಳೀತು."

ಹಣೆ ತುಂಬ ವಿಭೂತಿ ಬಳ್ಕೊಂಡಿದ್ದ ಸಾವ್ಕಾರ್ರು ಬೆವರಿಬಿಟ್ರು. "ಹೆಂಡದ ಹೆಸ್ರು ನನ್ ಹೋಟ್ಲಿಗಾ? ಇಳಿಯೋ ಕೆಳಗೆ!" ಅಂತ ಏಣಿ ಅಲ್ಲಾಡಿಸಿದ್ರು.

"ಸಾವ್ಕಾರ್ರೇ, ನಮ್ಮ ಉಪ್ಪಿಟ್ಟು ತಿಂದು ಯಾರಾದ್ರೂ ತೂರಾಡಿದ್ದುಂಟಾ?" ಅಂದೆ.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ರು. "ಎದ್ದು ನಿಲ್ಲೋಕೆ ಆದ್ರೆ ತಾನೆ ತೂರಾಡೋದು!"

ಹೊಸ ಬೋರ್ಡೇ ಉಳೀತು.

ತೊಗರ್ಸಿ ಯಜಮಾನ್ರು

ಸಂತೆಗೆ ಬಂದಿದ್ದ ತೊಗರ್ಸಿ ಕಡೆ ಯಜಮಾನ್ರೊಬ್ರು ಮಧ್ಯಾಹ್ನ ಒಳಗೆ ಬಂದ್ರು. ಎಂಟು ಇಡ್ಲಿ, ಎರಡು ಪ್ಲೇಟು ಉಪ್ಪಿಟ್ಟು, ಒಂದು ದೋಸೆ ಮುಗಿಸಿ ಕೈ ತೊಳೆದ್ರು. ತೊಳೆದು, ವಾಪಸ್ ಬಂದು ಅದೇ ಬೆಂಚಲ್ಲಿ ಕೂತ್ರು.

"ಇನ್ನೇನು ಬೇಕ್ರೀ?"

"ಎಲೆ ಹಾಕೋ ತಮ್ಮಾ."

"ಈಗ ತಿಂದ್ರಲ್ರೀ!"

"ಅದು ಟಿಫನ್ನು ಅಂತ ನೀವೇ ಬೋರ್ಡ್ ಹಾಕೀರಲ್ಲೋ. ಅನ್ನ ಬೀಳ್ದೆ ಊಟ ಹೆಂಗಾಗ್ತದೆ?"

ಇಲ್ಲಿ ಅನ್ನ ಮಾಡಲ್ಲ ಅಂದೆ. ಯಜಮಾನ್ರು ಹೆಗಲಿಗೆ ಟವಲ್ ಹಾಕ್ಕೊಂಡು ಬಾಗಿಲಲ್ಲಿ ನಿಂತು, ಬಸ್ ಇಳಿಯೋರಿಗೆಲ್ಲ ಕೂಗಿ ಹೇಳಿದ್ರು: "ಒಳಗ್ ಹೋಗ್ಬೇಡ್ರಪ್ಪಾ, ಉಪವಾಸ ಕೆಡವ್ತಾರೆ!"

ಅವತ್ತು ಸಾವ್ಕಾರ್ರ ಕೈಲಿ ಬೈಸ್ಕೊಂಡೆ. ಆದ್ರೆ ಒಂದು ಪಾಠ ಸಿಕ್ತು, ಕಾಲೇಜಲ್ಲಿ ಸಿಗದೇ ಇದ್ದಿದ್ದು. ನಮ್ಮ ಜನಕ್ಕೆ ಅನ್ನ ಬಿಟ್ಟು ಏನು ತಿಂದ್ರೂ ತಿಂದಂಗಲ್ಲ.

ಅಪ್ಪನ ಶನಿವಾರ

ಮೂರು ತಿಂಗಳು ತುಂಬಿದ ಶನಿವಾರ ಅಪ್ಪ ಬಂದೇ ಬಿಟ್ಟ. ಹನುಮಪ್ಪನ ಗುಡೀಲಿ ಕೈ ಮುಗಿದು ಸೀದಾ ಹೋಟ್ಲಿಗೆ. "ನಡಿ, ಎರಡೂವರೆ ಬಸ್ಸಿಗೆ ಹೊರಡು."

"ಬಸ್ಸಿಗೆ ಇನ್ನೂ ಹೊತ್ತೈತಲ್ಲಪ್ಪ. ಒಂಚೂರು ಟಿಫನ್ ಮಾಡು."

"ಶನಿವಾರ ನಾನು ಅನ್ನ ಮುಟ್ಟಲ್ಲ, ಮರ್ತೋಯ್ತೇನೋ?"

"ಟಿಫನ್ನು ಊಟ ಅಲ್ಲಪ್ಪ. ಬೇಕಾದ್ರೆ ಸಾವ್ಕಾರ್ರನ್ನ ಕೇಳು."

ಸಾವ್ಕಾರ್ರು ವಿಭೂತಿ ಹಣೆ ಅಲ್ಲಾಡಿಸಿದ್ರು. "ಊಟ ಅಲ್ವೇ ಅಲ್ಲ ಗೌಡ್ರೇ."

ಉಪ್ಪಿಟ್ಟು ಹೋಯ್ತು. ದೋಸೆ ಇಟ್ಟೆ. ಅಪ್ಪ ಅದರ ಅಂಚು ಮುರಿದು ಅನುಮಾನದಿಂದ ನೋಡಿದ. "ಇದು ಅಕ್ಕೀದಲ್ವೇನೋ?"

"ಅಕ್ಕೀದೇ. ಆದ್ರೆ ಅನ್ನ ಆಗಿಲ್ವಲ್ಲ."

ಅಪ್ಪ ಒಂದು ಗಳಿಗೆ ಕಣ್ಣು ಮುಚ್ಚಿದ. ಹನುಮಪ್ಪನ ಹತ್ರ ಏನು ಮಾತಾಡಿದ್ನೋ. "ಹಂಗಾದ್ರೆ ಇನ್ನೊಂದ್ ತಾ."

ಐದನೇ ದೋಸೆ ಹೊತ್ತಿಗೆ ಎರಡೂವರೆ ಬಸ್ಸು ಹೋಯ್ತು. ಸಂಜೆ ಬಸ್ಸು ಹತ್ತಿ, "ಮುಂದಿನ ಶನಿವಾರ ಬಿಡಲ್ಲ, ಎಳ್ಕೊಂಡೇ ಹೋಗ್ತೀನಿ" ಅಂತ ಗದರಿಸಿ ಒಬ್ಬನೇ ಹೋದ. ಮುಂದಿನ ಶನಿವಾರ ಬಂದ. ಅದರ ಮುಂದಿನದಕ್ಕೂ ಬಂದ. ಪ್ರತಿ ಸಲ ಬಸ್ಸು ತಪ್ತು.

ಎರಡು ತಿಂಗಳಾದ ಮೇಲೆ ಅವ್ವ ಪಕ್ಕದ ಮನೆಯವ್ರ ಕೈಲಿ ಕಾಗದ ಬರೆಸಿದ್ಲು: "ಮಗಾ, ನಿನ್ನ ಕರ್ಕೊಂಡು ಬರೋಕೆ ಅಂತ ನಿಮ್ಮಪ್ಪ ಶನಿವಾರ ಶನಿವಾರ ಉಪವಾಸದಲ್ಲೇ ಅಷ್ಟು ದೂರ ಬರ್ತಾರೆ. ಹನುಮಪ್ಪ ಒಲಿದಾನೆ ಅಂತ ಕಾಣ್ತದೆ, ಮೈ ತುಂಬ್ಕೊಂಡು ಅಂಗಿ ಗುಂಡಿ ಒಂದೂ ಕೂಡ್ತಿಲ್ಲ. ನೀನು ಬಂದ್ಬಿಟ್ರೆ ಈ ಪುಣ್ಯ ನಿಂತುಹೋದೀತು. ಅಲ್ಲೇ ಇರು."